ಕಲ್ಲಿಗೂ ಒಂದು ಸರ್ವೆ ನಂಬರ್ ಉಂಟು

ಮಕ್ಕಳೇ, ಅಮೆರಿಕದ ಯಾವುದೋ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಕಲ್ಲಿನ ಬಾಣದ ಮೊನೆ ಆರಿಸುವವರ ವಿಡಿಯೋಗಳನ್ನು ನೀವು ನೋಡುತ್ತೀರಿ, ನನಗೂ ತೋರಿಸಿದ್ದೀರಿ. ನೋಡಿ ನೋಡಿ ನಿಮಗೂ ಆಸೆ ಹುಟ್ಟಿದೆ. ಭಾನುವಾರ ಬಂತೆಂದರೆ ತುಮಕೂರಿನ ಸದಾಶಿವನಗರದಿಂದ ಬೈಕು ಹತ್ತಿ ಗುಬ್ಬಿ ಕಡೆಗೋ ಕುಣಿಗಲ್ ಕಡೆಗೋ ಹೊರಟುಬಿಡುತ್ತೀರಿ. ಹೋಗಿ, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಕೂತು ಮೊಬೈಲು ಉಜ್ಜುವುದಕ್ಕಿಂತ ಬಿಸಿಲಲ್ಲಿ ನೆಲ ನೋಡಿಕೊಂಡು ನಡೆಯುವುದು ಸಾವಿರ ಪಾಲು ಮೇಲು. ಆದರೆ ಹೊರಡುವ ಮುಂಚೆ ನನ್ನ ಮಾತು ಕಿವಿಗೆ ಹಾಕಿಕೊಳ್ಳಿ. ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಸಿ, ಬಾಂದುಕಲ್ಲು ನೆಡಿಸಿ ತಲೆಕೂದಲು ಹಣ್ಣು ಮಾಡಿಕೊಂಡವನು. ಈ ಸೀಮೆಯ ಹೊಲ, ಗೋಮಾಳ, ಕೆರೆಯಂಗಳಗಳನ್ನು ಕಾಲಲ್ಲೇ ಓದಿದವನು. ನೆಲದ ಮೇಲೆ ಬಿದ್ದಿರುವ ಕಲ್ಲಿನ ವಿಷಯದಲ್ಲಿ ನನಗೆ ಹೇಳುವುದಿದೆ.

ಮೊದಲು ನಮ್ಮ ನೆಲದಲ್ಲಿ ಏನಿದೆ ತಿಳಿದುಕೊಳ್ಳಿ. ಗುಬ್ಬಿ, ನಿಟ್ಟೂರು ದಾಟಿ ತಿಪಟೂರು ರಸ್ತೆಯಲ್ಲಿ ಹೋದರೆ ಕೆ.ಬಿ. ಕ್ರಾಸ್ ಸಿಗುತ್ತದೆ. ಬಸ್ಸು ನಿಂತಾಗ ಎಳನೀರು ಕುಡಿದು ಮುಂದೆ ಹೋಗುತ್ತೀರಿ, ಅಷ್ಟೆ. ಕೆ.ಬಿ. ಅಂದರೆ ಕಿಬ್ಬನಹಳ್ಳಿ. ಹಳೆ ಶಿಲಾಯುಗದ ನೆಲೆಯೆಂದು ಭಾರತದ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಹೆಸರು ಹೋದ ಊರು ಅದು. ಹಳೆ ಮೈಸೂರು ಸೀಮೆಯ ಕಲ್ಲಿನ ಉಪಕರಣಗಳ ಬಗ್ಗೆ ಎಂ. ಶೇಷಾದ್ರಿ ಅವರು ಬರೆದ ಪುಸ್ತಕ 1956ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕಿಬ್ಬನಹಳ್ಳಿ ಅದರಲ್ಲಿದೆ. ಕಬ್ಬಿಣ ಇಲ್ಲದ, ಮಡಕೆ ಇಲ್ಲದ, ಉತ್ತು ಬಿತ್ತುವುದು ಗೊತ್ತಿಲ್ಲದ ಕಾಲದಲ್ಲಿ ಮನುಷ್ಯರು ಆ ಗುಡ್ಡಗಳ ಮಗ್ಗುಲಲ್ಲಿ ಕೂತು ಗಟ್ಟಿ ಬೆಣಚುಜಾತಿಯ ಕಲ್ಲಿನಿಂದ ಚಕ್ಕೆ ಹಾರಿಸಿ ಕೈಗೊಡಲಿ ಮಾಡಿಕೊಂಡಿದ್ದರು. ನಮ್ಮ ಜಿಲ್ಲೆ ಅಂದರೆ ಕಲ್ಪತರು ನಾಡು, ಸಿದ್ಧಗಂಗೆ, ಗುಬ್ಬಿ ವೀರಣ್ಣನವರ ನಾಟಕ ಎಂದು ಹೆಮ್ಮೆಯಿಂದ ಹೇಳುತ್ತೀರಲ್ಲ, ಆ ಸಾಲಿನಲ್ಲಿ ಇದೂ ಸೇರಬೇಕು ಎನ್ನುವುದು ನನ್ನ ಬಹಳ ದಿನದ ಆಸೆ.

ಇನ್ನು ಬಾಣದ ಮೊನೆ. ವಿಡಿಯೋದಲ್ಲಿ ಕಾಣುವಂಥ, ಎರಡೂ ಮೈ ಕೆತ್ತಿ ಬುಡಕ್ಕೆ ಕಚ್ಚು ಹಾಕಿದ ಅಂದವಾದ ಮೊನೆ ನಮ್ಮ ಕಡೆ ಸಿಗುತ್ತದೆ ಅಂತ ಹುಡುಕಬೇಡಿ. ಅದಕ್ಕೆ ಬೇಕಾದ ನುಣುಪಾದ ಚಕಮಕಿ ಕಲ್ಲು ನಮ್ಮ ಸೀಮೆಯ ಬಂಡೆಯಲ್ಲಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನಲ್ಲಿ ನಿಮ್ಮ ಕಾಲ ಕೆಳಗಿರುವುದು ಹೆಚ್ಚಾಗಿ ನೈಸ್ ಬಂಡೆ. ಅದರ ನಡುನಡುವೆ ಬಿಳಿ ಬೆಣಚಿನ ಎಳೆಗಳು ಹಾದಿವೆ. ಬೆಣಚು ಮೊಂಡು ಕಲ್ಲು, ಹೇಳಿದ ಹಾಗೆ ಒಡೆಯುವುದಿಲ್ಲ. ಅಂಥ ಕಲ್ಲಿನಲ್ಲೂ ಸೂಕ್ಷ್ಮ ಶಿಲಾಯುಗದ ಜನ ಉಗುರಿನಷ್ಟು ಚಿಕ್ಕ ಅಲಗುಗಳನ್ನು ತೆಗೆದರು. ಒಂದನ್ನೇ ಬಾಣದ ತುದಿಗೆ ಕಟ್ಟುವ ಬದಲು, ಮರದ ಕಡ್ಡಿಗೋ ಮೂಳೆಗೋ ಸೀಳು ಹಾಕಿ, ಮರದ ಅಂಟು ಬಳಿದು, ಈ ಚೂರುಗಳನ್ನು ಸಾಲಾಗಿ ಕೂರಿಸುತ್ತಿದ್ದರು. ಒಂದು ಚೂರು ಮುರಿದರೆ ಅದೊಂದನ್ನೇ ಬದಲಾಯಿಸಿದರಾಯಿತು.

ಅಂಥ ಚೂರೊಂದನ್ನು ಹತ್ತಿರದಿಂದ ನೋಡಿದರೆ ಆ ಕೈಯ ಜಾಣತನ ತಿಳಿಯುತ್ತದೆ. ಅರ್ಧಚಂದ್ರದ ಆಕಾರ. ನೆಟ್ಟಗಿರುವ ಅಂಚು ಈಗಲೂ ಬೆರಳು ಕೊಯ್ಯುವಷ್ಟು ಹರಿತ. ಬಾಗಿದ ಬೆನ್ನನ್ನು ಮಾತ್ರ ಬೇಕೆಂದೇ ಮೊಂಡು ಮಾಡಿರುತ್ತಾರೆ. ಬೆಳಕಿಗೆ ಹಿಡಿದರೆ ಆ ಬೆನ್ನಿನುದ್ದಕ್ಕೂ ಸಾಸಿವೆ ಗಾತ್ರದ ಕಚ್ಚುಗಳು, ಒಂದರ ಪಕ್ಕ ಒಂದು, ಒಂದೇ ದಿಕ್ಕಿನಲ್ಲಿ. ಅಂಟು ಹಿಡಿಯಲಿ, ಕಡ್ಡಿ ಸೀಳದಿರಲಿ ಅಂತ ಮಾಡಿದ ಕೆಲಸ ಅದು. ದನದ ಗೊರಸು ತಾಗಿಯೋ ನೇಗಿಲು ತಗುಲಿಯೋ ಒಡೆದ ಬೆಣಚಿಗೆ ಈ ಶಿಸ್ತು ಬರುವುದಿಲ್ಲ.

ದೊಡ್ಡ ಚಕ್ಕೆಗಳನ್ನು ಗುರುತಿಸುವುದಕ್ಕೂ ದಾರಿ ಇದೆ. ಪೆಟ್ಟು ಬಿದ್ದ ಕಡೆ ಚಿಕ್ಕದೊಂದು ಸಮತಟ್ಟು, ಅದರ ಕೆಳಗೆ ಒಳಮೈಯಲ್ಲಿ ಸ್ವಲ್ಪ ಉಬ್ಬು, ಉಬ್ಬಿನಿಂದ ಆಚೆಗೆ ಹರಡಿದ ಅಲೆಗಳ ಗುರುತು. ಹೊರಮೈಯಲ್ಲಿ ಹಿಂದೆ ತೆಗೆದ ಚಕ್ಕೆಗಳ ಗುಳಿಗಳು. ಇದೆಲ್ಲ ಕೂಡಿದ್ದರೆ ಮನುಷ್ಯನ ಕೈ ಎನ್ನಬಹುದು. ಒಂದೇ ಲಕ್ಷಣ ನೋಡಿ ಹಾರಾಡಬೇಡಿ. ಜಲ್ಲಿ ಕ್ರಷರ್ ಇರುವ ಕಡೆ, ರೈಲು ಹಳಿಯ ಪಕ್ಕ, ಹೊಸ ರಸ್ತೆಯ ಬದಿ, ಜೆಸಿಬಿ ಹಲ್ಲು ತಾಗಿದ ಕಡೆ ಇಂಥವೇ ಚಕ್ಕೆಗಳು ರಾಶಿ ರಾಶಿ ಸಿಗುತ್ತವೆ. ಈಗ ಒಡೆದ ಮುಖ ಹೊಳೆಯುತ್ತದೆ. ಕಾಲ ಕಳೆದ ಮುಖಕ್ಕೆ ಮಣ್ಣಿನ ಬಣ್ಣ ಇಳಿದಿರುತ್ತದೆ, ಹೊಳಪಿಲ್ಲದೆ ಮಂದವಾಗಿರುತ್ತದೆ.

ಇಷ್ಟು ಹೇಳಿಕೊಟ್ಟಿದ್ದು ಆರಿಸಿಕೊಂಡು ಬರಲಿ ಅಂತ ಅಲ್ಲ. ಇಲ್ಲಿಂದ ಮುಂದೆ ಹೇಳುವುದೇ ನನ್ನ ಮುಖ್ಯ ಮಾತು.

ಕಲ್ಲನ್ನು ಎತ್ತಬೇಡಿ. ಎತ್ತಿ ಜೇಬಿಗೆ ಹಾಕಿಕೊಂಡ ಗಳಿಗೆಯಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಬೆಲೆ ಹೊಲದಲ್ಲೇ ಉಳಿದುಹೋಗುತ್ತದೆ. ಜಮೀನಿಗೆ ಪಹಣಿ ಇದ್ದ ಹಾಗೆ ಈ ಕಲ್ಲಿಗೆ ಅದು ಬಿದ್ದಿದ್ದ ಜಾಗ. ಯಾವ ಊರು, ಯಾವ ಸರ್ವೆ ನಂಬರ್, ದಿಬ್ಬದ ಮೇಲೋ ಹಳ್ಳದ ಅಂಚಿನಲ್ಲೋ, ಯಾವ ಬಣ್ಣದ ಮಣ್ಣಿನಲ್ಲಿ, ಪಕ್ಕದಲ್ಲಿ ಇನ್ನೇನಿತ್ತು, ಇದೆಲ್ಲ ತಪ್ಪಿದರೆ ಆ ಕಲ್ಲಿನ ಪರವಾಗಿ ಯಾರೂ ಏನೂ ವಾದಿಸಲಾರರು. ಷೋಕೇಸಿನಲ್ಲಿ ಇಟ್ಟುಕೊಂಡು ನೆಂಟರಿಗೆ ತೋರಿಸಬಹುದು, ಅಷ್ಟೆ.

ಇದು ಹಟದ ಮಾತಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಟ್ಟಲೆ ನಡೆದಾಡಿದರು. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸುಬಂಡೆಯ ಮೇಲೆ ಕೂತು ಆದಿಮಾನವರು ಉಪಕರಣ ಮಾಡುತ್ತಿದ್ದ ತಾಣ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷದ ಹಿಂದಿನದೆಂದು ಅಂದಾಜು ಮಾಡಿದ್ದಾರೆ. ಅದು ಕಲ್ಲು ಕೆಲಸದ ಜಾಗ ಅಂತ ಗೊತ್ತಾಗಿದ್ದು ಹೇಗೆ? ಚೆಂದದ ಕೈಗೊಡಲಿಗಳಿಂದ ಮಾತ್ರವಲ್ಲ. ಬಂಡೆಯಿಂದ ಎಬ್ಬಿಸಿದ ಹಲಗೆ, ಬಡಿದ ಸುತ್ತಿಗೆಕಲ್ಲು, ಅರೆಬರೆ ಕೆತ್ತಿ ಬಿಟ್ಟ ಗಟ್ಟಿ, ಹಾರಿದ ಚೂರುಪಾರು, ಎಲ್ಲವೂ ಒಂದೇ ಕಡೆ ಕೂತಲ್ಲೇ ಕೂತಿದ್ದರಿಂದ. ಚೆಂದದವನ್ನು ಯಾರಾದರೂ ಮೊದಲೇ ಆರಿಸಿಕೊಂಡು ಹೋಗಿದ್ದರೆ ಉಳಿಯುತ್ತಿದ್ದುದು ಕಸದ ಗುಡ್ಡೆ.

ಬ್ರಹ್ಮಗಿರಿ ಇನ್ನೂ ಹತ್ತಿರದ್ದು, ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕು. ಅಶೋಕನ ಶಾಸನ ಇರುವ ಜಾಗವೇ. ನಯ ಮಾಡಿದ ಕಲ್ಲುಗೊಡಲಿಗಳು ದಕ್ಷಿಣದಲ್ಲಿ ಎಲ್ಲೆಲ್ಲೂ ಸಿಗುತ್ತಿದ್ದವು, ಮೈಸೂರಿನ ಎಂ.ಎಚ್. ಕೃಷ್ಣ ಅವರು ಬ್ರಹ್ಮಗಿರಿಯಲ್ಲಿ ಮೊದಲೇ ಕೆಲಸ ಮಾಡಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದಾಗ, ಕೆಳಗೆ ಕಲ್ಲುಗೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಬ್ಬಿಣದ ಜನ, ಅದರ ಮೇಲೆ ಶಾತವಾಹನರ ಕಾಲದವರು ಎಂಬ ಪದರಗಳ ಸರಣಿ ಖಚಿತವಾಯಿತು. ವ್ಹೀಲರ್ ಕೊಟ್ಟ ಕಾಲವನ್ನು ಮುಂದೆ ಕಾರ್ಬನ್ ಪರೀಕ್ಷೆಗಳು ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಒಯ್ದವು. ಆದರೆ ಯಾವುದರ ಮೇಲೆ ಯಾವುದು ಎಂಬ ಲೆಕ್ಕ ಅಲುಗಲಿಲ್ಲ. ಬೀರುವಿನಲ್ಲಿ ನೂರು ಕೊಡಲಿ ಕೂಡಿಟ್ಟರೂ ಹುಟ್ಟದ ತಿಳಿವಳಿಕೆ ನೆಲದ ನಾಲ್ಕು ಪದರಗಳಿಂದ ಹುಟ್ಟಿತು.

ನೀವು ಕೇಳುತ್ತೀರಿ, ನನಗೆ ಗೊತ್ತು: ರಾಬರ್ಟ್ ಬ್ರೂಸ್ ಫೂಟ್ ಕೂಡ ಆರಿಸಿದವರೇ ಅಲ್ಲವೇ, ತಾತ? ಹೌದು. 1863ರ ಮೇ 30ರಂದು ಮದರಾಸಿನ ಬಳಿ ಪಲ್ಲಾವರಂನಲ್ಲಿ ಅವರು ಗುರುತಿಸಿದ ಒಂದು ಕೈಗೊಡಲಿಯಿಂದಲೇ ಈ ದೇಶದ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದು. ಬಳ್ಳಾರಿ, ರಾಯಚೂರು ಸೀಮೆಗಳನ್ನೆಲ್ಲ ಸುತ್ತಿದರು, ಕೊನೆಗಾಲದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲೂ ಕೆಲಸ ಮಾಡಿದರು. ಆದರೆ ಅವರು ತೆಗೆದ ಕಲ್ಲಿಗೆ ನಂಬರ್ ಇತ್ತು, ಊರಿನ ಹೆಸರಿತ್ತು, ಸಿಕ್ಕಿದ ನೆಲದ ವಿವರವಿತ್ತು. ಅವರ ಸಂಗ್ರಹ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಪಟ್ಟಿ ಪುಸ್ತಕವಾಗಿ ಬಂತು. ಇವತ್ತಿಗೂ ಸಂಶೋಧಕರು ಆ ಪಟ್ಟಿ ಹಿಡಿದು ಹಳ್ಳಿಗೆ ಹೋಗಿ ಅದೇ ದಿಬ್ಬ ಹುಡುಕುತ್ತಾರೆ. ಬಳ್ಳಾರಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಪರೀಕ್ಷೆ ಮುಗಿದ ರಜೆಯಲ್ಲಿ ಗೋವಾ ಅನ್ನುವ ಬದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಸಂಗನಕಲ್ಲು ಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ಮಾಡುತ್ತಿದ್ದವರು ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳು ಇನ್ನೂ ಇವೆ, ಕೈಯಾಡಿಸಿ ನೋಡಬಹುದು.

ಈಗ ಕೆಲಸದ ಮಾತು. ನೆಲ ನೋಡುವುದಕ್ಕೆ ಒಳ್ಳೆಯ ಕಾಲ ಮುಂಗಾರಿನ ಮೊದಲ ಎರಡು ಮೂರು ಮಳೆ ಆದ ಮೇಲೆ, ರಾಗಿ ಬಿತ್ತುವುದಕ್ಕೆ ಮುಂಚೆ. ಉತ್ತ ಹೊಲ ಮಳೆಗೆ ತೊಳೆದು ಕಲ್ಲುಗಳೆಲ್ಲ ಮೇಲೆ ಕೂತಿರುತ್ತವೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ಓರೆ ಬಿಸಿಲಿಗೆ ಕಲ್ಲಿನ ಅಂಚು ಎದ್ದು ಕಾಣುತ್ತದೆ. ಕೊರಕಲು ಬಿದ್ದ ಇಳಿಜಾರು, ಹಳ್ಳದ ದಡ, ಗುಡ್ಡದ ಬುಡ ನೋಡಿ. ಬಿತ್ತಿದ ಹೊಲಕ್ಕೆ ಕಾಲಿಡಬೇಡಿ. ಹುತ್ತದ ಬಳಿ, ಹಾಸುಬಂಡೆ ಸಂದಿಯಲ್ಲಿ ಕೈ ಹಾಕಬೇಡಿ.

ಹೊಲಕ್ಕೆ ಇಳಿಯುವ ಮುಂಚೆ ಊರಿಗೆ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ಅರಳಿಕಟ್ಟೆಯ ಮೇಲೆ ಕೂತ ಹಿರಿಯರಿಗೆ ನಮಸ್ಕಾರ ಮಾಡಿ, ಯಾರ ಮಕ್ಕಳು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಹೇಳಿ. ನಿಧಿ ಆಸೆಗೆ ಬಿದ್ದವರು ನಮ್ಮ ಕಡೆ ಎಷ್ಟು ಗುಡಿಗಳ ಪಾಯ ಅಗೆದಿದ್ದಾರೆ, ಎಷ್ಟು ವೀರಗಲ್ಲು ಉರುಳಿಸಿದ್ದಾರೆ ನೀವೇ ಪೇಪರಿನಲ್ಲಿ ಓದುತ್ತೀರಿ. ಹೊಸ ಮುಖದ ನಾಲ್ಕು ಹುಡುಗರು ತಲೆ ತಗ್ಗಿಸಿ ಗೋಮಾಳದಲ್ಲಿ ಓಡಾಡಿದರೆ ಹಳ್ಳಿಯವರಿಗೆ ಅನುಮಾನ ಬಾರದೆ ಇರುತ್ತದೆಯೇ? ಮಾತಾಡಿಸಿದರೆ ಅವರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಹಾಳೂರು ದಿಬ್ಬ ಎಲ್ಲಿ, ಉತ್ತಾಗ ಬೋಕಿ ಚೂರು ಎಲ್ಲಿ ಏಳುತ್ತದೆ, ಗುಂಡಗೆ ಕಲ್ಲು ನೆಟ್ಟ ಜಾಗ ಯಾವುದು, ಎಲ್ಲ ಅವರ ಬಾಯಲ್ಲಿದೆ. ಗ್ರಾಮನಕ್ಷೆ ಕೈಗೆ ಸಿಕ್ಕರೆ ಬೇಚರಾಕ್ ಗ್ರಾಮಗಳನ್ನು ಗುರುತು ಹಾಕಿಕೊಳ್ಳಿ. ಜನ ಬಿಟ್ಟುಹೋದ ಆ ಊರುಗಳ ಮಣ್ಣಿನಲ್ಲಿ ನೂರಾರು ವರ್ಷದ ಬದುಕು ಕೂತಿರುತ್ತದೆ.

ಕೆಲವು ಹಳ್ಳಿಗಳಲ್ಲಿ ನಯ ಮಾಡಿದ ಕಲ್ಲುಗೊಡಲಿಗಳನ್ನು ಸಿಡಿಲಿನ ಜೊತೆ ನೆಲಕ್ಕಿಳಿದ ಕಲ್ಲು ಎಂದು ನಂಬಿ ಮರದ ಬುಡದಲ್ಲೋ ಅಮ್ಮನ ಗುಡಿಯಲ್ಲೋ ಇಟ್ಟು ಕುಂಕುಮ ಹಚ್ಚಿರುತ್ತಾರೆ. ಅವುಗಳನ್ನು ಮುಟ್ಟಬೇಡಿ, ನಂಬಿಕೆಗೆ ನಗಬೇಡಿ. ಹಾಗೆ ಕಾಪಾಡಿದ್ದರಿಂದಲೇ ಅವು ಇಷ್ಟು ತಲೆಮಾರು ಉಳಿದಿವೆ. ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಮೋರ್ಯರ ಮನೆ ಎಂದು ಕರೆದ ಜನ, ಹಂಪಿಯ ಬಳಿ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯನ್ನು ಸುಟ್ಟ ಜಾಗ ಎಂದ ಜನ, ತಮಗೆ ತಿಳಿದ ರೀತಿಯಲ್ಲಿ ಅವನ್ನು ನೆನಪಿಟ್ಟುಕೊಂಡವರು.

ಏನಾದರೂ ಕಂಡರೆ ನಿಂತ ಕಡೆಯೇ ನಿಲ್ಲಿ. ಪಕ್ಕದಲ್ಲಿ ಒಂದು ಸ್ಕೇಲೋ ಪೆನ್ನೋ ಇಟ್ಟು ಫೋಟೋ ತೆಗೆಯಿರಿ, ಮೊದಲು ಹತ್ತಿರದಿಂದ, ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಮರ ಗುಡ್ಡ ಎಲ್ಲ ಕಾಣುವ ಹಾಗೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಮ್ಮ ಕಾಲದಲ್ಲಿ ಇಡೀ ದಿನದ ಕೆಲಸ ಅದು, ನಿಮಗೆ ಅರೆ ನಿಮಿಷದ್ದು. ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಮಣ್ಣಿನ ಬಣ್ಣ, ಇಳಿಜಾರು ಯಾವ ಕಡೆ, ನೀರು ಎಷ್ಟು ದೂರ, ಸುತ್ತ ಇನ್ನೆಷ್ಟು ಚೂರು ಕಾಣುತ್ತವೆ ಬರೆಯಿರಿ. ಹೊಲದವರನ್ನು ಒಂದು ಮಾತು ತಪ್ಪದೆ ಕೇಳಿ: ಈ ಹೊಲಕ್ಕೆ ಕೆರೆ ಹೂಳು ಹೊಡೆಸಿದ್ದೀರಾ? ಹೊಡೆಸಿದ್ದರೆ ಆ ಕಲ್ಲು ಟ್ರ್ಯಾಕ್ಟರಿನಲ್ಲಿ ಬಂದಿರಬಹುದು, ಅದರ ಸ್ವಂತ ಜಾಗ ಕೆರೆಯಂಗಳವೋ ಕೆರೆಗೆ ನೀರು ತರುವ ಹಳ್ಳದ ಮೇಲ್ಭಾಗವೋ ಆಗಿರುತ್ತದೆ. ಹೇಮಾವತಿ ನಾಲೆಯ ಏರಿಯ ಮಣ್ಣೂ ಹೀಗೇ, ಎಲ್ಲಿಂದಲೋ ತೋಡಿ ಎಲ್ಲಿಯೋ ಸುರಿದದ್ದು.

ಅಗೆಯಲೇಬೇಡಿ. ಒಂದು ಗೇಣೂ ಬೇಡ. ಮೇಲಿನದು ಉತ್ತು ಕಲಸಿದ ಮಣ್ಣು, ಕೆಳಗಿನದು ಇನ್ನೂ ಮುಟ್ಟದ ಪದರ. ಗುದ್ದಲಿ ಅಲ್ಲಿ ಬಿದ್ದರೆ ಮತ್ತೆ ಜೋಡಿಸುವುದು ಯಾವ ಪಂಡಿತನ ಕೈಯಲ್ಲೂ ಆಗದು. ಕಾನೂನೂ ನಿಮ್ಮ ಬೆನ್ನಿಗಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಲೈಸೆನ್ಸ್ ಇಲ್ಲದೆ ಮಾರುವುದನ್ನು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕೇಂದ್ರ ಕಾಯ್ದೆ ತಡೆಯುತ್ತದೆ. ಮಣ್ಣಿನಲ್ಲಿ ಹುದುಗಿದ ನಿಧಿ ನಿಕ್ಷೇಪ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು 1878ರಷ್ಟು ಹಿಂದಿನ ಕಾನೂನು, ನಮ್ಮ ರಾಜ್ಯಕ್ಕೆ 1962ರ ಕಾಯ್ದೆಯೂ ಇದೆ. ಅಮೆರಿಕದಲ್ಲಿರುವ ಅಣ್ಣನಿಗೆ ಉಡುಗೊರೆ ಕಳಿಸುವ ಯೋಚನೆ ಬೇಡ. ಅಲ್ಲಿ ಸ್ವಂತ ಜಮೀನಿನಲ್ಲಿ ಆರಿಸುವುದು ಬೇರೆ. ಸರ್ಕಾರಿ ಜಮೀನಿನಿಂದ ಪುರಾತನ ವಸ್ತು ಎತ್ತುವವರಿಗೆ ಅಲ್ಲೂ 1979ರಿಂದ ಬಿಗಿಯಾದ ಕಾನೂನಿದೆ.

ಒಂದು ಪ್ರಶ್ನೆ ನನ್ನನ್ನೂ ಕಾಡಿದೆ. ನಾಳೆ ಬೆಳಿಗ್ಗೆ ಜೆಸಿಬಿ ಬಂದು ಆ ದಿಬ್ಬವನ್ನೇ ಮಟ್ಟ ಮಾಡುತ್ತದೆ ಅಂತ ಗೊತ್ತಿದ್ದರೂ ಕಲ್ಲನ್ನು ಅಲ್ಲೇ ಬಿಡಬೇಕೇ? ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೆ.ಆರ್.ಯು. ಟಾಡ್ ಎಂಬ ಅಧಿಕಾರಿ ಬೆಣಚಿನ ಸೂಕ್ಷ್ಮ ಉಪಕರಣಗಳನ್ನು ಗುರುತಿಸಿ 1948ರಲ್ಲಿ ಲೇಖನ ಬರೆದರು. ಇವತ್ತು ಜಾಲಹಳ್ಳಿ ಅಂದರೆ ಕಾರ್ಖಾನೆ, ವಸತಿಗೃಹ, ಮೆಟ್ರೊ. ಆ ಲೇಖನ ಇರದಿದ್ದರೆ ಅಲ್ಲಿ ಬೇಟೆಗಾರರು ಕೂತಿದ್ದರು ಎಂಬ ಸುಳಿವೂ ಉಳಿಯುತ್ತಿರಲಿಲ್ಲ. ತುಮಕೂರೂ ಅದೇ ದಾರಿಯಲ್ಲಿ ಓಡುತ್ತಿದೆ, ತಿಂಗಳಿಗೊಂದು ಲೇಔಟು ಏಳುತ್ತಿದೆ. ಹಾಗಾಗಿ ನನ್ನ ತೀರ್ಮಾನ ಇದು: ಜಾಗಕ್ಕೆ ಅಪಾಯ ಕಂಡರೆ ಅವತ್ತೇ ತಹಶೀಲ್ದಾರರಿಗೆ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೋ ಸಮೇತ ಬರೆದು ತಿಳಿಸಿ, ಅರ್ಜಿಯ ನಕಲು ಇಟ್ಟುಕೊಳ್ಳಿ. ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗದ ಮೇಷ್ಟ್ರುಗಳನ್ನು ಕರೆದುಕೊಂಡು ಹೋಗಿ ತೋರಿಸಿ. ಯಾರೂ ಬರಲಾಗದೆ, ಯಂತ್ರ ಕಣ್ಣೆದುರೇ ನಿಂತಿದ್ದರೆ ಮಾತ್ರ, ಜಮೀನಿನವರ ಎದುರಿಗೆ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಜಾಗದ ವಿವರ ಬರೆದು, ತಡಮಾಡದೆ ಇಲಾಖೆಗೆ ಒಪ್ಪಿಸಿ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ಸೋಪು ಹಾಕಿ ತೊಳೆಯುವುದೂ ಬೇಡ, ಅಂಟಿದ ಮಣ್ಣಿಗೂ ಬೆಲೆಯಿದೆ.

ಇನ್ನೊಂದು ಎಚ್ಚರಿಕೆ. ಜಾಗ ಸಿಕ್ಕ ಸಂತೋಷಕ್ಕೆ ಇನ್‌ಸ್ಟಾಗ್ರಾಂನಲ್ಲಿ ಲೊಕೇಷನ್ ಸಮೇತ ಹಾಕಬೇಡಿ. ನೀವು ಹಾಕಿದ್ದು ಕಲ್ಲಿನ ಚಿತ್ರವಾದರೂ ನೋಡುವವರಲ್ಲಿ ಒಬ್ಬನಿಗೆ ಅಲ್ಲಿ ಚಿನ್ನ ಕಾಣುತ್ತದೆ. ಅಂಥವನು ಗಡಾರಿ ತೆಗೆದುಕೊಂಡು ರಾತ್ರಿ ಹೋದರೆ ಅದರ ಪಾಪದಲ್ಲಿ ನಿಮಗೂ ಪಾಲು.

ಕೊನೆಗೊಂದು ಮಾತು. 1904ರಲ್ಲಿ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಗೆಂದೇ ಬಂತು. ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಸಿದ್ದರಿಂದ, ಮೂಲ ಕಲ್ಲು ಕಳೆದುಹೋದ ಕಡೆಯೂ ಅದರ ಅಕ್ಷರ ನಮಗೆ ಸಿಗುತ್ತದೆ. ಅಕ್ಷರವಿಲ್ಲದ ಕಲ್ಲುಗಳಿಗೆ ಅಂಥ ಊರವಾರು ಪಟ್ಟಿ ಬೇಕು, ಗುಬ್ಬಿಗೊಂದು, ಕುಣಿಗಲ್ಲಿಗೊಂದು, ತಿಪಟೂರಿಗೊಂದು. ದೊಡ್ಡ ಪಂಡಿತರು ಬಂದು ಮಾಡಲಿ ಅಂತ ಕಾಯುವ ಕೆಲಸ ಇದಲ್ಲ. ನಿಮ್ಮ ಕಾಲಲ್ಲಿ ಬಲವಿದೆ, ಕೈಯಲ್ಲಿ ಮೊಬೈಲಿದೆ, ಭಾನುವಾರಗಳಿವೆ. ಈ ಮುಂಗಾರಿಗೆ ಒಂದು ಹೋಬಳಿ ಹಿಡಿಯಿರಿ. ಊರಿನ ಹೆಸರು, ಸರ್ವೆ ನಂಬರ್, ಕಂಡದ್ದು ಏನು, ಅಷ್ಟನ್ನೇ ಒಂದು ನೋಟ್‌ಬುಕ್ಕಿನಲ್ಲಿ ನೀಟಾಗಿ ಬರೆಯಿರಿ, ಬರೆದದ್ದನ್ನು ತಂದು ನನಗೂ ತೋರಿಸಿ. ನಕ್ಷೆಯ ಮೇಲೆ ಗುರುತು ಹಾಕುವ ಕೆಲಸ ನನ್ನದು.